ನೆಂಟರಾಗಿ ಎಷ್ಟು ದಿನ ಇರೋದು?

ಕೇಳುಗರಿಗೆಲ್ಲ ನಮಸ್ಕಾರ.

ಹುಟ್ಟಿದ ನೆಲ ಬಿಟ್ಟು ಇನ್ನೊಂದು ಕಡೆ ಬಂದು ಬದುಕು ಕಟ್ಕೊಳ್ತಿರೋ ಜನರ ಬಗ್ಗೆ ಇವತ್ತು ಮಾತಾಡೋಣ ಅಂತಿದ್ದೀನಿ. ವಲಸೆ ಬಂದವರು, ನಿರಾಶ್ರಿತರು. ಅವರಿಗೆ ಊಟ, ಬಟ್ಟೆ, ಸೂರು ಕೊಡೋದರ ಬಗ್ಗೆ ಬೇಕಾದಷ್ಟು ಜನ ಮಾತಾಡಿದಾರೆ, ಅದು ಬೇಕೇ ಬೇಕು, ಎರಡು ಮಾತಿಲ್ಲ. ನನ್ನ ತಲೇಲಿರೋದು ಅದಾದ ಮೇಲಿನ ಕಥೆ. ಸೂರು ಸಿಕ್ತು, ಮಕ್ಕಳು ಸ್ಕೂಲಿಗೆ ಸೇರಿದ್ರು, ಐದು ವರ್ಷ ಆಯ್ತು, ಆದ್ರೂ 'ಇದು ನಮ್ಮೂರು' ಅಂತ ಅವರಿಗೆ ಅನ್ನಿಸ್ತಿಲ್ಲ ಅಂದ್ರೆ ಎಲ್ಲಿ ಏನು ಬಿಟ್ಟುಹೋಯ್ತು?

ಮೊದಲು ಸ್ವಲ್ಪ ಲೆಕ್ಕ ಹೇಳಿಬಿಡ್ತೀನಿ. ವಿಶ್ವಸಂಸ್ಥೆ ಅಂದಾಜಿನ ಪ್ರಕಾರ 2024ರಲ್ಲಿ ಹುಟ್ಟಿದ ದೇಶ ಬಿಟ್ಟು ಬೇರೆ ದೇಶದಲ್ಲಿ ವಾಸ ಮಾಡ್ತಿದ್ದವರು ಸುಮಾರು 30 ಕೋಟಿ 40 ಲಕ್ಷ. ಇವರಲ್ಲಿ ಹೆಚ್ಚಿನವರು ಕೆಲಸಕ್ಕೆ, ಓದಿಗೆ, ಮದುವೆಯಾಗಿ ಹೋದವರು. ನಿರಾಶ್ರಿತರ ಕಥೆ ಬೇರೆ. 1951ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು ಅಥವಾ ರಾಜಕೀಯ ಅಭಿಪ್ರಾಯದ ಕಾರಣಕ್ಕೆ ಕಿರುಕುಳ ಆಗತ್ತೆ ಅನ್ನೋ ನಿಜವಾದ ಭಯದಿಂದ ದೇಶದ ಹೊರಗಿರೋರು, ವಾಪಸ್ ಹೋಗೋಕೆ ಆಗದೇ ಇರೋರು ನಿರಾಶ್ರಿತರು. ಯುದ್ಧ, ಹಿಂಸೆ, ಕಿರುಕುಳಕ್ಕೆ ಮನೆ ಬಿಟ್ಟು ಓಡಬೇಕಾದವರು 2024ರ ಕೊನೆಗೆ 12 ಕೋಟಿ ದಾಟಿದ್ರು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ತಮ್ಮ ದೇಶದ ಒಳಗೇ ದಿಕ್ಕಾಪಾಲಾದವರು. ಗಡಿ ದಾಟಿದವರಲ್ಲೂ ಹೆಚ್ಚಿನವರು ಇರೋದು ಶ್ರೀಮಂತ ದೇಶಗಳಲ್ಲಲ್ಲ, ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಇನ್ನೊಂದು ವಿಷಯ, ಲೋಕದ ನಿರಾಶ್ರಿತರಲ್ಲಿ ಹೆಚ್ಚಿನವರು ವರ್ಷಗಟ್ಟಲೆ ಹೀಗೇ ಹೊರಗಡೆ ಕಳೀತಿರೋರು. ಹಾಗಾಗಿ 'ಗಲಾಟೆ ನಿಂತ ಮೇಲೆ ಹೋಗ್ತಾರೆ ಬಿಡಿ, ಅಲ್ಲೀವರೆಗೆ ಹೇಗೋ ನಡೀಲಿ' ಅನ್ನೋ ಲೆಕ್ಕಾಚಾರ ಬಹಳ ಸಲ ತಲೆಕೆಳಗಾಗತ್ತೆ, ಆ ಹೇಗೋ ನಡೀಲಿ ಅನ್ನೋದರೊಳಗೇ ಒಂದು ಮಗು ಹುಟ್ಟಿ ಹೈಸ್ಕೂಲು ಮುಗಿಸಿರತ್ತೆ.

ಈಗ ನನ್ನ ಮಾತಿಗೆ ಬರ್ತೀನಿ. ಮನೇಲಿ ಸಮಾರಂಭ ಇದ್ದಾಗ ನೆಂಟರನ್ನ ಕೂರಿಸಿ ಉಪಚಾರ ಮಾಡ್ತೀವಿ, ಮನೆಯವರಿಗೆ 'ಏಯ್ ಆ ಬಕೆಟ್ ತಗೊಂಡ್ಬಾ, ಸ್ವಲ್ಪ ಬಡಿಸು ಬಾ' ಅಂತೀವಿ. ಯಾರಿಗೆ ಕೆಲಸ ಹೇಳ್ತೀವೋ ಅವರು ಮನೆಯವರು. ಹೊರಗಿಂದ ಬಂದವರ ವಿಷಯದಲ್ಲಿ ಎಡವೋದು ಇಲ್ಲೇ. ಅವರಿಗೆ ಕೊಡ್ತಾನೇ ಇರ್ತೀವಿ, ಕಂಬಳಿ, ಬಟ್ಟೆ, ಸಲಹೆ, ಸ್ವಾಗತ ಭಾಷಣ, ಅವರ ಕಡೆಯಿಂದ ಏನನ್ನೂ ಕೇಳಲ್ಲ. ನಿಮ್ಮಿಂದ ನಮಗೇನೂ ಆಗಬೇಕಾಗಿಲ್ಲ ಅಂತ ಬಾಯಿಬಿಟ್ಟು ಹೇಳಲ್ಲ ನಿಜ, ಆದ್ರೆ ವರ್ಷಗಟ್ಟಲೆ ಬರೀ ತಗೊಳ್ಳೋನಾಗೇ ಇದ್ದವನಿಗೆ ಅದು ಅರ್ಥ ಆಗೇ ಆಗತ್ತೆ.

ಇದು ಬರೀ ನನ್ನ ಅನಿಸಿಕೆ ಅಲ್ಲ. ಗಾರ್ಡನ್ ಆಲ್‌ಪೋರ್ಟ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ 1954ರಲ್ಲೇ ಹೇಳಿದ್ರು, ಎರಡು ಗುಂಪಿನ ಜನ ಸುಮ್ನೆ ಅಕ್ಕಪಕ್ಕ ಇದ್ದ ಮಾತ್ರಕ್ಕೆ ಪೂರ್ವಗ್ರಹ ಕರಗಲ್ಲ, ಇಬ್ಬರಿಗೂ ಸಮಾನ ಸ್ಥಾನ ಇರ್ಬೇಕು, ಇಬ್ಬರಿಗೂ ಬೇಕಾದ ಒಂದು ಗುರಿ ಇರ್ಬೇಕು, ಅದಕ್ಕೆ ಕೂಡಿ ದುಡೀಬೇಕು, ಮೇಲಿನವರ ಬೆಂಬಲಾನೂ ಇರ್ಬೇಕು ಅಂತ. ಈಗ ನಮ್ಮ ಸಾಮಾನ್ಯ ಸಹಾಯ ಕಾರ್ಯಕ್ರಮ ಒಂದನ್ನ ಈ ಅಳತೆಗೆ ಹಿಡಿದು ನೋಡಿ. ಟೇಬಲ್‌ನ ಈ ಕಡೆ ಕೊಡೋರು, ಆ ಕಡೆ ಕ್ಯೂನಲ್ಲಿ ತಗೊಳ್ಳೋರು, ನಡುವೆ ಒಂದು ಫೋಟೋ. ಇದರಲ್ಲಿ ಸಮಾನ ಸ್ಥಾನ ಎಲ್ಲಿ ಬಂತು? ಅದೇ ಜನ ಒಂದು ಫುಟ್‌ಬಾಲ್ ಟೀಮ್‌ನಲ್ಲೋ, ಲೈಬ್ರರಿ ಪುಸ್ತಕ ಜೋಡಿಸೋ ಕೆಲಸದಲ್ಲೋ, ಸ್ಕೂಲಿನ ಪೋಷಕರ ಸಮಿತಿಯಲ್ಲೋ ಜೊತೆಗೆ ಸೇರಿದ್ರೆ ಪರಿಸ್ಥಿತಿನೇ ಬೇರೆ, ಅಲ್ಲಿ ಗೋಲ್ ಹೊಡೆದವನು ಯಾವ ದೇಶದಿಂದ ಬಂದ ಅಂತ ಯಾರೂ ಕೇಳಲ್ಲ, ಹೊಡೀದೇ ಇದ್ರೆ ಬೈತಾರೆ ಅಷ್ಟೇ, ಆ ಬೈಗುಳ ಇದೆಯಲ್ಲ ಅದು ಸ್ವಾಗತ ಭಾಷಣಕ್ಕಿಂತ ಎಷ್ಟೋ ಮೇಲು.

ದುಡಿಮೆ ವಿಷಯಾನೂ ಇಲ್ಲೇ ಬರತ್ತೆ. ಆಶ್ರಯ ಕೇಳ್ಕೊಂಡು ಬಂದವರ ಅರ್ಜಿ ತೀರ್ಮಾನ ಆಗೋವರೆಗೆ ಎಷ್ಟೋ ದೇಶಗಳಲ್ಲಿ ದುಡಿಯೋ ಹಾಗಿಲ್ಲ. ಬ್ರಿಟನ್‌ನಲ್ಲಿ 12 ತಿಂಗಳು ಕಾದ ಮೇಲಷ್ಟೇ ಕೆಲಸಕ್ಕೆ ಅನುಮತಿ ಕೇಳೋಕೆ ಬರತ್ತೆ, ಕೊಟ್ರೂ ಎಲ್ಲಾ ಕೆಲಸಕ್ಕೂ ಇಲ್ಲ. ಈ ಕಾಯೋದು ಏನು ಮಾಡತ್ತೆ ಅಂತ ಸ್ವಿಟ್ಜರ್ಲೆಂಡಿನ ನಿರಾಶ್ರಿತರ ಬಗ್ಗೆ 2016ರಲ್ಲಿ ಒಂದು ಅಧ್ಯಯನ ಬಂತು. ಅರ್ಜಿ ತೀರ್ಮಾನಕ್ಕೆ ಒಂದು ವರ್ಷ ಜಾಸ್ತಿ ಕಾದವರಲ್ಲಿ ಆಮೇಲೆ ಕೆಲಸ ಸಿಕ್ಕವರ ಪ್ರಮಾಣ ನೂರಕ್ಕೆ 4ರಿಂದ 5ರಷ್ಟು ಕಡಿಮೆ ಇತ್ತು. ಅದೇ ಥರದ ಜನ, ಅದೇ ದೇಶ, ಕಾದಿದ್ದು ಮಾತ್ರ ಜಾಸ್ತಿ. ಕೂತು ಕೂತು ಮನುಷ್ಯ ಒಳಗಿಂದ ಸೋತು ಹೋಗ್ತಾನೆ, ಆಮೇಲೆ 'ನೋಡಿ ಇವರು ದುಡಿಯೋಕೇ ಬರಲ್ಲ' ಅಂತ ಮಾತು ಬೇರೆ. ತಮ್ಮ ದೇಶದಲ್ಲಿ ಡಾಕ್ಟರಾಗಿದ್ದವರು ಹೊಸ ದೇಶದಲ್ಲಿ ಟ್ಯಾಕ್ಸಿ ಓಡಿಸೋ ಕಥೆ ನಿಮಗೆಲ್ಲ ಗೊತ್ತಿರೋದೇ, ಅದನ್ನ ಎಳೆಯಲ್ಲ. ಓಡಿ ಬರುವಾಗ ಸರ್ಟಿಫಿಕೇಟ್ ಕಳ್ಕೊಂಡವರ ಓದನ್ನ ಸಂದರ್ಶನ ಮಾಡಿ ಅಳೆದು ಒಂದು ಪತ್ರ ಕೊಡೋ ವ್ಯವಸ್ಥೆನ ಕೌನ್ಸಿಲ್ ಆಫ್ ಯುರೋಪ್ ಅನ್ನೋ ಯುರೋಪಿನ ದೇಶಗಳ ಸಂಸ್ಥೆ 2017ರಿಂದ ನಡೆಸ್ತಿದೆ, ಅಂದ್ರೆ ಮನಸ್ಸು ಮಾಡಿದ್ರೆ ದಾರಿ ಇದೆ.

ಭಾಷೆ. ಇಲ್ಲಿ ಸ್ವಲ್ಪ ನಿಲ್ತೀನಿ, ಯಾಕಂದ್ರೆ ಇದರಲ್ಲಿ ಯಾರಿಗೂ ಕಾಣದ ಒಂದು ನೋವಿದೆ. ಹೊಸ ದೇಶದಲ್ಲಿ ಭಾಷೆ ಮೊದಲು ಕಲಿಯೋದು ಮಕ್ಕಳು. ಹಾಗಾಗಿ ಆಸ್ಪತ್ರೆಗೆ ಹೋಗುವಾಗ ತಾಯಿ ಒಂಬತ್ತು ವರ್ಷದ ಮಗಳನ್ನ ಸ್ಕೂಲು ಬಿಡಿಸಿ ಕರ್ಕೊಂಡು ಹೋಗ್ತಾಳೆ. ಡಾಕ್ಟರ್ ಕೇಳ್ತಾರೆ, ರಕ್ತ ಎಷ್ಟು ದಿನದಿಂದ ಹೋಗ್ತಿದೆ ಅಂತ. ಮಗು ಅಮ್ಮನ ಮುಖ ನೋಡತ್ತೆ. ಅಮ್ಮನಿಗೆ ಮಗಳ ಮುಂದೆ ಹೇಳೋಕೆ ಸಂಕೋಚ, ಏನೋ ಅರ್ಧ ಹೇಳ್ತಾಳೆ, ಮಗುಗೆ ಅರ್ಥ ಆಗಿದ್ದು ಅದರಲ್ಲಿ ಅರ್ಧ, ಡಾಕ್ಟರ್ ಬರ್ಕೊಳ್ಳೋದು ಅದು. ಗೆಡ್ಡೆ ಅನ್ನೋ ಪದ ಬಂದ್ರೆ ಅದನ್ನ ಅಮ್ಮನಿಗೆ ಹೇಳ್ಬೇಕಾದವಳು ಅವಳೇ. ಬ್ಯಾಂಕಿಗೂ ಅವಳೇ, ಮನೆ ಓನರ್ ಹತ್ರ ಬಾಡಿಗೆ ಮಾತಾಡೋಕೂ ಅವಳೇ. ಜನ 'ಎಷ್ಟು ಚೂಟಿ ಮಗು' ಅಂತ ಬೆನ್ನು ತಟ್ತಾರೆ. ಮನೇಲಿ ಯಜಮಾನಿಕೆ ತಿರುಗಾ ಮುರುಗಾ ಆಗಿ ಅಪ್ಪ ಅಮ್ಮ ಮಗುವಿನ ಹಿಂದೆ ನಿಲ್ಲೋ ಹಾಗಾಗಿದೆ ಅನ್ನೋದು ಯಾರಿಗೂ ಹೊಳೆಯಲ್ಲ.

ಇದಕ್ಕೆ ಆಸ್ಟ್ರೇಲಿಯಾ 1973ರಲ್ಲೇ ಒಂದು ಉಪಾಯ ಮಾಡ್ತು, ಫೋನಿನಲ್ಲಿ ದುಭಾಷಿ. ಡಾಕ್ಟರು, ಪೊಲೀಸು ಯಾರೇ ಆಗ್ಲಿ ಒಂದು ನಂಬರ್‌ಗೆ ಫೋನ್ ಮಾಡಿದ್ರೆ ಆ ಭಾಷೆ ಬಲ್ಲವರು ಲೈನಿಗೆ ಬರ್ತಾರೆ. ಮತ್ತೆ 1975ರಲ್ಲಿ, ಇದನ್ನ ರೇಡಿಯೋದವಳಾಗಿ ನಾನು ಸ್ವಲ್ಪ ಹೆಮ್ಮೆಯಿಂದ್ಲೇ ಹೇಳ್ತೀನಿ, ಸಿಡ್ನಿ ಮತ್ತು ಮೆಲ್ಬರ್ನ್‌ನಲ್ಲಿ ಎರಡು ರೇಡಿಯೋ ಕೇಂದ್ರ ಶುರುವಾದ್ವು, ಹೊಸದಾಗಿ ಬಂದ ಸರ್ಕಾರಿ ಆರೋಗ್ಯ ಯೋಜನೆನ ವಲಸೆ ಬಂದವರಿಗೆ ಅವರ ಭಾಷೆಯಲ್ಲೇ ತಿಳಿಸೋಕೆ ಅಂತ. ತಾತ್ಕಾಲಿಕ ಅಂತ ಶುರುವಾಗಿದ್ದು, ಇವತ್ತು ಅದೇ ಎಸ್‌ಬಿಎಸ್ ಅನ್ನೋ ದೊಡ್ಡ ಸಂಸ್ಥೆ, 60ಕ್ಕೂ ಹೆಚ್ಚು ಭಾಷೆಯಲ್ಲಿ ಮಾತಾಡತ್ತೆ. ಊರಿನ ಭಾಷೆ ಕಲೀಲೇಬೇಕು, ಅದು ಅವರಿಗೂ ಗೊತ್ತು, ಕಲಿಯೋ ತನಕ ಕಿವುಡು ಮೂಗರ ಹಾಗೆ ಕೂರಬೇಕು ಅನ್ನೋದು ಯಾವ ನ್ಯಾಯ?

ಅಕ್ಕಪಕ್ಕದವರೇ ಮುಂದೆ ಬಂದು ಹೊಣೆ ಹೊರೋದಕ್ಕೆ ಕೆನಡಾ ಹೆಸರುವಾಸಿ. ಅಲ್ಲಿ ಐದು ಜನ ಸೇರ್ಕೊಂಡು, ಇಲ್ಲಾ ಒಂದು ಸಂಘದ ಕಡೆಯಿಂದ, ಒಂದು ನಿರಾಶ್ರಿತ ಕುಟುಂಬಕ್ಕೆ ಸಾಮಾನ್ಯವಾಗಿ ಒಂದು ವರ್ಷ ಖರ್ಚು ಮತ್ತು ಒತ್ತಾಸೆ ಕೊಡೋ ಪದ್ಧತಿ ಬೆಳೀತು, ಐದು ಜನರ ಗುಂಪುಗಳಿಂದ ಹೊಸ ಅರ್ಜಿ ತಗೊಳ್ಳೋದನ್ನ ಮಾತ್ರ 2024ರ ನವೆಂಬರ್ ಕೊನೆಯಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಿದ್ರು. 1979ರ ಹೊತ್ತಿಗೆ ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾದಿಂದ ಬಂದವರಿಗೆ ಇದು ದೊಡ್ಡದಾಗಿ ನಡೀತು, ಅಲ್ಲಿಂದ ಇಲ್ಲೀವರೆಗೆ 3 ಲಕ್ಷಕ್ಕೂ ಹೆಚ್ಚು ಜನ ಹೀಗೆ ಬಂದಿದಾರೆ. ಒಳ್ಳೇ ಕೆಲಸ. ಆದ್ರೆ ಇಲ್ಲೂ ಒಂದು ಮಾತು ಹೇಳ್ಲೇಬೇಕು. ದುಡ್ಡು ಕೊಟ್ಟವರು ಯಾವಾಗ ಬೇಕಾದ್ರೂ ಮನೆಗೆ ಬರೋದು, ಫ್ರಿಜ್ ತೆಗೆದು ನೋಡೋದು, 'ಆ ಟಿವಿ ಯಾಕೆ ತಗೊಂಡ್ರಿ' ಅನ್ನೋದು, ಮಕ್ಕಳನ್ನ ಹೇಗೆ ಬೆಳೆಸ್ಬೇಕು ಅಂತ ಪಾಠ ಹೇಳೋದು, ಇದು ಎಲ್ಲಿ ಬೇಕಾದ್ರೂ ಶುರುವಾಗಬಹುದು. ಆ ಕಡೆಯವರು ಇಪ್ಪತ್ನಾಲ್ಕು ಗಂಟೆ 'ಥ್ಯಾಂಕ್ಸ್' ಮುಖ ಹೊತ್ಕೊಂಡೇ ಇರ್ಬೇಕು. ಮನೆಗೆ ಹೋಗೋ ಮುಂಚೆ ಫೋನ್ ಮಾಡಿ ಕೇಳಿ. ಬೇಡ ಅಂದ್ರೆ ಹೋಗ್ಬೇಡಿ. ಇಷ್ಟು ಸಾಕು, ಅರ್ಧ ತೊಂದರೆ ತಪ್ಪತ್ತೆ.

ಇನ್ನು ಮೊದಲಿಂದ ಇರೋರ ಗೊಣಗಾಟ. ಅದನ್ನ ತಳ್ಳಿಹಾಕೋಕೆ ನಾನು ತಯಾರಿಲ್ಲ. ಒಂದು ಚಿಕ್ಕ ಊರಿಗೆ ಒಂದೇ ಸಲ ಸಾವಿರಾರು ಜನ ಬಂದಿಳಿದ್ರೆ ಬಾಡಿಗೆ ಏರತ್ತೆ, ಸ್ಕೂಲಲ್ಲಿ ಬೆಂಚು ಸಾಲಲ್ಲ, ಆಸ್ಪತ್ರೆ ಕ್ಯೂ ಉದ್ದ ಆಗತ್ತೆ, ಇದನ್ನ ಹೇಳಿದವನಿಗೆಲ್ಲ ಜನಾಂಗದ್ವೇಷಿ ಅಂತ ಹಣೆಪಟ್ಟಿ ಹಚ್ಚಿದ್ರೆ ಅವನು ನಿಜವಾಗ್ಲೂ ಹಾಗೇ ಆಗಿಬಿಡ್ತಾನೆ. ಉಗಾಂಡ ನೋಡಿ, ಶ್ರೀಮಂತ ದೇಶ ಅಲ್ಲ, 15 ಲಕ್ಷಕ್ಕೂ ಮೀರಿ ನಿರಾಶ್ರಿತರಿದಾರೆ. 2006ರ ಕಾನೂನಿನಲ್ಲಿ ಅವರಿಗೆ ದುಡಿಯೋ ಹಕ್ಕು, ಓಡಾಡೋ ಹಕ್ಕು ಕೊಟ್ಟಿದೆ, ವಸಾಹತುಗಳಲ್ಲಿ ಉಳುಮೆಗೆ ಒಂದಿಷ್ಟು ಜಾಗಾನೂ ಕೊಡ್ತಾರೆ. ಅದರ ಜೊತೆಗೆ ನಿರಾಶ್ರಿತರಿಗೆ ಅಂತ ಬರೋ ನೆರವಿನಲ್ಲಿ ನೂರಕ್ಕೆ ಸುಮಾರು 30 ಭಾಗ ಸ್ಥಳೀಯರಿಗೂ ಹೋಗ್ಬೇಕು ಅನ್ನೋ ನೀತಿ ಇಟ್ಕೊಂಡಿದಾರೆ. ಬೋರ್‌ವೆಲ್ ಹಾಕಿದ್ರೆ ನೀರು ಇಬ್ಬರಿಗೂ. ನೆರವಿನ ದುಡ್ಡು ಕಡಿಮೆಯಾಗ್ತಾ ಬಂದು ಅಲ್ಲೂ ಈಗ ಕಷ್ಟ ಇದೆ, ಎಲ್ಲಾ ಸರಿ ಇದೆ ಅಂತ ನಾನು ಹೇಳ್ತಿಲ್ಲ. ಆದ್ರೆ 'ಅವರು ಬಂದ ಮೇಲೆ ನಮಗೂ ಒಂದು ಬೋರ್‌ವೆಲ್ ಆಯ್ತು' ಅನ್ನೋ ಊರಿಗೂ 'ಅವರಿಗೆ ಮಾತ್ರ ಎಲ್ಲಾ' ಅನ್ನೋ ಊರಿಗೂ ಬಹಳ ವ್ಯತ್ಯಾಸ.

ಕೊನೇದಾಗಿ, ಮಾತಿಗೆ ಬೆಲೆ. ಊರಿನ ವಿಷಯದಲ್ಲಿ ಅಭಿಪ್ರಾಯ ಕೇಳದೇ ಇದ್ರೆ ಯಾರಿಗೂ ಅದು ನಮ್ಮೂರು ಅನ್ಸಲ್ಲ. ಸ್ವೀಡನ್‌ನಲ್ಲಿ 1976ರಿಂದ ಪೌರತ್ವ ಇಲ್ಲದ ನಿವಾಸಿಗಳೂ ಸ್ಥಳೀಯ ಚುನಾವಣೆಯಲ್ಲಿ ವೋಟು ಹಾಕ್ತಿದಾರೆ, ಅದಕ್ಕೆ ಇಷ್ಟು ವರ್ಷ ಅಲ್ಲಿ ವಾಸ ಇರ್ಬೇಕು ಅನ್ನೋ ಷರತ್ತಿದೆ ಅಷ್ಟೇ. ಐರ್ಲೆಂಡ್‌ನಲ್ಲಂತೂ ಸ್ಥಳೀಯ ಚುನಾವಣೆಗೆ ಅಲ್ಲಿ ವಾಸ ಇದ್ರೆ ಸಾಕು, ಯಾವ ದೇಶದ ಪ್ರಜೆ ಅಂತ ಕೇಳಲ್ಲ, ನಿಲ್ಲೋಕೂ ಬಹುದು. ರೊಟಿಮಿ ಅಡೆಬಾರಿ ಅನ್ನೋರು 2000ದಲ್ಲಿ ನೈಜೀರಿಯಾದಿಂದ ಆಶ್ರಯ ಕೇಳ್ಕೊಂಡು ಹೆಂಡತಿ ಮಕ್ಕಳ ಜೊತೆ ಐರ್ಲೆಂಡಿಗೆ ಬಂದ್ರು. 2004ರಲ್ಲಿ ಪೋರ್ಟ್‌ಲೀಶ್ ಅನ್ನೋ ಪಟ್ಟಣದ ಕೌನ್ಸಿಲ್‌ಗೆ ಗೆದ್ದರು, 2007ರಲ್ಲಿ ಅಲ್ಲಿಯ ಮೇಯರ್ ಆದ್ರು, ಆ ದೇಶದ ಮೊದಲ ಕಪ್ಪು ಮೇಯರ್. ಎಲ್ಲರೂ ಮೇಯರ್ ಆಗ್ಬೇಕಾಗಿಲ್ಲ. ಬೀದಿ ದೀಪ ಎಲ್ಲಿ ಹಾಕೋಣ, ಬಸ್ಸು ಎಷ್ಟು ಹೊತ್ತಿಗೆ ಬೇಕು ಅಂತ ಕೇಳೋ ಮೀಟಿಂಗ್‌ಗೆ ಅವರನ್ನೂ ಕರೆದು, ದುಭಾಷಿ ಒಬ್ಬರನ್ನ ಕೂರಿಸಿ, ಮಕ್ಕಳನ್ನ ನೋಡ್ಕೊಳ್ಳೋಕೆ ಒಂದು ಏರ್ಪಾಡು ಮಾಡಿದ್ರೆ ಹೆಂಗಸರೂ ಬರ್ತಾರೆ, ಬಂದು ಮಾತಾಡ್ತಾರೆ, ಕೆಲವೊಂದ್ಸಲ ನಿಮಗೆ ಇಷ್ಟ ಆಗದೇ ಇರೋದನ್ನೂ ಹೇಳ್ತಾರೆ, ಕೇಳಿಸ್ಕೊಳ್ಳಿ.

ನಿಮ್ಮ ಸಂಘ, ನಿಮ್ಮ ಬೀದಿ, ನಿಮ್ಮ ಸ್ಕೂಲಿನಲ್ಲಿ ಮುಂದಿನ ಕಾರ್ಯಕ್ರಮಕ್ಕೆ ಕೆಲಸ ಹಂಚೋ ಪಟ್ಟಿ ಮಾಡ್ತೀರಲ್ಲ, ಕುರ್ಚಿ ಯಾರು, ಮೈಕ್ ಯಾರು, ಲೆಕ್ಕ ಯಾರು ಅಂತ, ಅದರಲ್ಲಿ ಹೊಸದಾಗಿ ಬಂದವರ ಹೆಸರೂ ಒಂದೆರಡು ಇರ್ಲಿ. ಲೆಕ್ಕದ ಕೆಲಸಾನೇ ಕೊಡಿ, ಕುರ್ಚಿ ಎತ್ತೋದು ಮಾತ್ರ ಬೇಡ.

ನಮಸ್ಕಾರ.