ಅಜ್ಜನ ಕೋವಿಗೆ ಅಲ್ಟ್ರಾಸಾನಿಕ್ ಸ್ನಾನ: ತೊಟ್ಟಿಗೆ ಏನು ಸುರಿಯಬೇಕು, ಆಮೇಲೆ ಯಾವ ಎಣ್ಣೆ?

[ತೆರೆಯ ಮೇಲೆ: ಸ್ಟೀಲ್ ತೊಟ್ಟಿ, ಜುಮ್ಮೆನ್ನುವ ಸದ್ದು, ನಡುಗುವ ನೀರು]

ನಮಸ್ಕಾರ. ಕೊಡಗಿನ ಕಡೆಯ ವೀಕ್ಷಕರೊಬ್ಬರು ಕೇಳಿದ್ದಾರೆ: "ಕೈಲ್‌ಪೊಳ್ದ್, ನಮ್ಮ ಕೊಡವರ ಆಯುಧಪೂಜೆಯ ಹಬ್ಬ, ಹತ್ತಿರ ಬಂತು. ಅಜ್ಜನ ಕಾಲದ ಜೋಡುನಳಿಗೆ ಕೋವಿ ಇದೆ. ಕನ್ನಡಕದ ಅಂಗಡಿಯಲ್ಲಿ ಇರುತ್ತಲ್ಲ ಅಲ್ಟ್ರಾಸಾನಿಕ್ ಮಷೀನ್, ಅಂಥದ್ದರಲ್ಲಿ ತೊಳೆಯಬಹುದಾ? ಸೀಮೆಎಣ್ಣೆ ಹಾಕಿದರೆ ಸಾಕಾ?"

ತೊಳೆಯಬಹುದು. ಸೀಮೆಎಣ್ಣೆ ಮಾತ್ರ ದಯವಿಟ್ಟು ಬೇಡ.

ಕೊಡಗಿನಲ್ಲಿ ಕೋವಿ ಯಾಕಿಷ್ಟು ಅಂತ ಹೊರಗಿನವರು ಕೇಳುತ್ತಾರೆ. ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಭೂಮಿ) ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದಲೂ ಲೈಸೆನ್ಸ್‌ನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಅಷ್ಟು ಗೊತ್ತಿದ್ದರೆ ಸಾಕು, ಮುಂದೆ ಹೋಗೋಣ.

ತೊಳೆಯುವ ಮುಂಚೆ ಕೋವಿ ಖಾಲಿ ಇದೆಯಾ ಅಂತ ನೋಡಿ. ಇನ್ನೊಂದು ಸಲ ನೋಡಿ. ತೋಟಾ ಯಾವ ಕಾರಣಕ್ಕೂ ತೊಟ್ಟಿಯ ಹತ್ತಿರ ಬರಬಾರದು. ಮರದ ಭಾಗ, ಸ್ಕೋಪ್ ಎಲ್ಲ ಬಿಚ್ಚಿಡಿ. ಒಳಗೆ ಹೋಗುವುದು ಬರೀ ಲೋಹ. ಕನ್ನಡಕದ ಅಂಗಡಿಯ ಪುಟಾಣಿ ಮಷೀನಿನಲ್ಲಿ ನಳಿಗೆ ಹಿಡಿಸುವುದಿಲ್ಲ, ಅದಕ್ಕೆ ಉದ್ದನೆಯ ತೊಟ್ಟಿಯೇ ಬೇಕು.

[ತೆರೆಯ ಮೇಲೆ: ಗುಳ್ಳೆ ಉಬ್ಬಿ ಕುಸಿಯುವ ಅನಿಮೇಷನ್]

ಈಗ ನನಗೆ ಇಷ್ಟವಾದ ಭಾಗ. ತೊಟ್ಟಿಯ ತಳದಲ್ಲಿರುವ ಬಿಲ್ಲೆಗಳು ಸೆಕೆಂಡಿಗೆ ಸುಮಾರು 40,000 ಸಲ ನಡುಗುತ್ತವೆ. ನೀರಿನ ಮೇಲೆ ಎಳೆತ ಬಿದ್ದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳು ಹುಟ್ಟುತ್ತವೆ. ಒತ್ತಡ ಬಿದ್ದ ಕೂಡಲೇ ಕುಸಿಯುತ್ತವೆ. ಕುಸಿಯುವಾಗ ಲೋಹದ ಮೇಲಿನ ಮಸಿಯನ್ನು ಕಿತ್ತು ಹಾಕುತ್ತವೆ. ಇದೇ ಗುಳ್ಳೆಗಳ ಕಾಟ ಹಡಗಿನವರಿಗೆ ಮುಂಚೆಯೇ ಗೊತ್ತಿತ್ತು. ಪ್ರೊಪೆಲ್ಲರುಗಳನ್ನು ಅವು ಕೊರೆದು ತಿನ್ನುತ್ತಿದ್ದವು. ಗುಳ್ಳೆ ಕುಸಿದಾಗ ಎಷ್ಟು ಒತ್ತಡ ಬರುತ್ತದೆ ಅಂತ 1917ರಲ್ಲಿ ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರೇಲಿ ಲೆಕ್ಕ ಹಾಕಿಕೊಟ್ಟರು.

ಆದರೆ ಈ ವಿದ್ಯೆಯಲ್ಲಿ ರೇಲಿಗಿಂತ ಹಳಬ ಒಬ್ಬ ಇದ್ದಾನೆ. ಪಿಸ್ತೂಲ್ ಸೀಗಡಿ! ಬೆರಳುದ್ದದ ಪ್ರಾಣಿ, ಒಂದು ಕೊಂಡಿ (ಇಕ್ಕಳದಂಥ ಮುಂಗಾಲು) ಮಾತ್ರ ಮೈಗೆ ಹೊಂದದಷ್ಟು ದಪ್ಪ. ಅದನ್ನು ಟಪ್ ಅಂತ ಮುಚ್ಚಿದರೆ ಸೆಕೆಂಡಿಗೆ ಸುಮಾರು 25 ಮೀಟರ್ ವೇಗದಲ್ಲಿ ನೀರು ಚಿಮ್ಮುತ್ತದೆ. ಆ ವೇಗಕ್ಕೆ ಒಂದು ಗುಳ್ಳೆ ಹುಟ್ಟಿ ಕುಸಿಯುತ್ತದೆ, ಎದುರಿಗಿದ್ದ ಬೇಟೆ ಅಲ್ಲೇ ಮಂಕಾಗುತ್ತದೆ. ಸದ್ದು ಬರುವುದು ಕೊಂಡಿ ಬಡಿದುಕೊಂಡು ಅಂತ ಬಹಳ ಕಾಲ ಎಲ್ಲರೂ ನಂಬಿದ್ದರು. ಆ ಸದ್ದು ಗುಳ್ಳೆಯದು ಅಂತ 2000ದಲ್ಲಿ ನೆದರ್ಲೆಂಡ್ಸ್ ಮತ್ತು ಜರ್ಮನಿಯ ವಿಜ್ಞಾನಿಗಳು ತೋರಿಸಿದರು. ಮರುವರ್ಷ ಇನ್ನೊಂದು ವಿಚಿತ್ರ ಸಿಕ್ಕಿತು. ಗುಳ್ಳೆ ಕುಸಿಯುವ ಕ್ಷಣದಲ್ಲಿ ಒಂದು ಸಣ್ಣ ಬೆಳಕು ಮಿಂಚುತ್ತದೆ, ಒಳಗಿನ ಬಿಸಿ 5,000 ಕೆಲ್ವಿನ್‌ಗೂ ಜಾಸ್ತಿ. ಎರಡನೇ ಮಹಾಯುದ್ಧದಲ್ಲಿ ಈ ಸೀಗಡಿಗಳ ಗದ್ದಲಕ್ಕೆ ಜಲಾಂತರ್ಗಾಮಿ ಪತ್ತೆ ಮಾಡುವವರ ಕಿವಿಯೇ ಕೆಡುತ್ತಿತ್ತಂತೆ. ನಿಮ್ಮ ಕೋವಿ ತೊಳೆಯುವುದು ಇದೇ ಜಾತಿಯ ಗುಳ್ಳೆ. ನಂಬಿಕೆ ಬರದಿದ್ದರೆ ನಡೆಯುತ್ತಿರುವ ತೊಟ್ಟಿಯೊಳಗೆ ಒಂದು ಚೂರು ಅಲ್ಯೂಮಿನಿಯಂ ಫಾಯಿಲ್ ಇಳಿಬಿಟ್ಟು ನೋಡಿ. ಸ್ವಲ್ಪ ಹೊತ್ತಿಗೆ ಜರಡಿಯಾಗಿರುತ್ತದೆ. ಮಷೀನ್ ಸರಿಯಾಗಿದೆಯಾ ಅಂತ ಪರೀಕ್ಷಿಸುವ ವಿಧಾನವೂ ಇದೇ.

[ತೆರೆಯ ಮೇಲೆ: ತೂತುಬಿದ್ದ ಫಾಯಿಲ್]

ಸರಿ, ಸೀಗಡಿಯನ್ನು ಸಮುದ್ರಕ್ಕೆ ಬಿಡೋಣ. ಉಜ್ಜುವ ಕೆಲಸ ಗುಳ್ಳೆಯದಾದರೆ ದ್ರಾವಣ ಯಾಕೆ ಬೇಕು? ಗುಳ್ಳೆ ಏಳುವುದಕ್ಕೆ ನೀರಿನಷ್ಟು ಒಳ್ಳೆಯದು ಕಮ್ಮಿ. ಆದರೆ ಜಿಡ್ಡಿಗೆ ನೀರು ಅಂಟುವುದಿಲ್ಲ. ಅದಕ್ಕೇ ಸೋಪಿನ ಜಾತಿಯ ಪದಾರ್ಥ ಬೆರೆಸಿದ, ನೀರಿನಲ್ಲಿ ಕಲಸಿಕೊಳ್ಳುವ ದ್ರಾವಣ ಬೇಕು.

ತೊಟ್ಟಿಯನ್ನು ಸಾಮಾನ್ಯವಾಗಿ 50ರಿಂದ 60 ಡಿಗ್ರಿಗೆ ಬಿಸಿ ಮಾಡುತ್ತಾರೆ. ಸೀಮೆಎಣ್ಣೆಯ ಆವಿಗೆ 40 ಡಿಗ್ರಿ ಆಸುಪಾಸಿನಲ್ಲೇ ಒಂದು ಕಿಡಿ ಸಾಕು, ಹೊತ್ತಿಕೊಳ್ಳುತ್ತದೆ. ಪೆಟ್ರೋಲಿಗೆ ಬಿಸಿಯೇ ಬೇಕಿಲ್ಲ. ಹೀಟರ್ ಆಫ್ ಮಾಡಿದ್ದೇನೆ ಅಂದರೂ ಪ್ರಯೋಜನವಿಲ್ಲ, ಆ ನಡುಕಕ್ಕೇ ದ್ರವ ಬಿಸಿಯಾಗುತ್ತಾ ಹೋಗುತ್ತದೆ. ಪಕ್ಕದಲ್ಲೇ ಕರೆಂಟ್. ಥಿನ್ನರ್, ಸ್ಪಿರಿಟ್‌ಗೂ ಇದೇ ಮಾತು.

ಹಾಗಾದರೆ ಯಾವ ದ್ರಾವಣ? ಕೊಳೆ ಯಾವುದರಲ್ಲಿ ಹೋಗುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಕೊಳೆಯ ಜೊತೆಗೆ ಇನ್ನೇನು ಹೋಗುತ್ತದೆ ಅಂತ ನಾನು ಕೇಳುತ್ತೇನೆ. ಕೋವಿಯ ಮೇಲಿರುವ ಆ ಚಂದದ ಕಡುನೀಲಿ ಬಣ್ಣ ಇದೆಯಲ್ಲ, ಬ್ಲೂಯಿಂಗ್, ಅದು ಪೇಂಟ್ ಅಲ್ಲ. ಕಬ್ಬಿಣದ ಆಕ್ಸೈಡ್. ಅಂದರೆ ತುಕ್ಕಿನ ದಾಯಾದಿ, ಮ್ಯಾಗ್ನಟೈಟ್. ತುಕ್ಕು ತೆಗೆಯುವ ಆಮ್ಲಕ್ಕೆ ಕೆಂಪು ತುಕ್ಕು ಯಾವುದು, ಅಜ್ಜ ಕಾಪಾಡಿಕೊಂಡು ಬಂದ ಕಪ್ಪು ಯಾವುದು ಅಂತ ಗೊತ್ತಾಗುವುದಿಲ್ಲ. ಎರಡನ್ನೂ ನುಂಗುತ್ತದೆ. ಹಾಗಾಗಿ ವಿನೆಗರ್, ನಿಂಬೆಹುಳಿ, ಫಾಸ್ಫಾರಿಕ್ ಆಮ್ಲದ ತುಕ್ಕುನಾಶಕ ಯಾವುದೂ ಬೇಡ. ಹುಣಸೆಹಣ್ಣು ಹಿತ್ತಾಳೆ ಚೊಂಬಿಗೇ ಇರಲಿ.

ಹಾಗಂತ ಆಮ್ಲಕ್ಕೆ ವಿರುದ್ಧವಾದ ಕಡುಕ್ಷಾರ, ಕಾಸ್ಟಿಕ್ ಸೋಡಾದ ಕಡೆಗೂ ಓಡಬೇಡಿ. ಜೋಡುನಳಿಗೆಯಲ್ಲಿ ಎರಡು ನಳಿಗೆಗಳ ನಡುವಿನ ಪಟ್ಟಿಯನ್ನು ಹೆಚ್ಚಾಗಿ ತವರ-ಸೀಸದ ಬೆಸುಗೆಯಿಂದ ಕೂಡಿಸಿರುತ್ತಾರೆ. ಬಿಸಿ ಕಾಸ್ಟಿಕ್ ಆ ಬೆಸುಗೆಯನ್ನೇ ತಿನ್ನುತ್ತದೆ. ಅಲ್ಯೂಮಿನಿಯಂ ಭಾಗಗಳನ್ನಂತೂ ಬಿಡುವುದೇ ಇಲ್ಲ. ಅಮೋನಿಯಾ ಇರುವ ದ್ರಾವಣ ರೈಫಲ್ ನಳಿಗೆಯ ತಾಮ್ರದ ಕಲೆಗೆ ಒಳ್ಳೆಯದು. ಆದರೆ ಹಿತ್ತಾಳೆಗೂ, ಅಡಿಯಲ್ಲಿ ತಾಮ್ರದ ಪದರವಿರುವ ನಿಕ್ಕಲ್ ಲೇಪಕ್ಕೂ ಅಪಾಯ. ಬಟ್ಟೆಯ ಬ್ಲೀಚ್ ಅಂತೂ ಸ್ಟೀಲ್ ತೊಟ್ಟಿಗೇ ತೂತು ಹಾಕಬಲ್ಲದು. ಕೊನೆಗೆ ಉಳಿಯುವುದು ಕೋವಿಗಂತಲೇ ಮಾಡಿದ, ಪಿಎಚ್ 7ರ ಹತ್ತಿರದ (ಆಮ್ಲವೂ ಅಲ್ಲದ, ಕ್ಷಾರವೂ ಅಲ್ಲದ) ಅಥವಾ ಸ್ವಲ್ಪವೇ ಕ್ಷಾರದ ದ್ರಾವಣ. ಡಬ್ಬಿಯ ಮೇಲೆ ಬರೆದಷ್ಟೇ ನೀರು ಬೆರೆಸಿ. ಕೆಲವೇ ನಿಮಿಷ ಓಡಿಸಿ, ತೆಗೆದು ನೋಡಿ, ಬೇಕಿದ್ದರೆ ಮತ್ತೆ ಓಡಿಸಿ. ಬಣ್ಣ ಈಗಾಗಲೇ ಎದ್ದಿರುವ ಹಳೆ ಕೋವಿಯಾದರೆ ನಾನಂತೂ ತೊಟ್ಟಿಗೆ ಹಾಕದೆ ಕೈಯಲ್ಲೇ ಒರೆಸುತ್ತೇನೆ.

[ತೆರೆಯ ಮೇಲೆ: ಎರಡು ತೊಟ್ಟಿಗಳು ಅಕ್ಕಪಕ್ಕ]

ಈಗ ಎಣ್ಣೆ. ಜನ ಎಡವುವುದೇ ಇಲ್ಲಿ. ತೊಟ್ಟಿಯಿಂದ ಹೊರಬಂದ ಉಕ್ಕಿನ ಮೇಲೆ ಒಂದು ತೊಟ್ಟು ಜಿಡ್ಡೂ ಉಳಿದಿರುವುದಿಲ್ಲ. ಗಾಳಿಗೆ ಇಟ್ಟರೆ ನೋಡುನೋಡುತ್ತಲೇ ಕಂದು ಛಾಯೆ ಹತ್ತುತ್ತದೆ. ಕೊಡಗಿನ ಮಳೆಗಾಲದ ಗಾಳಿಯಾದರೆ ಕೇಳುವುದೇ ಬೇಡ. ದೀಪಾವಳಿಯ ಎಣ್ಣೆಸ್ನಾನವನ್ನು ತಿರುಗಾಮುರುಗಾ ಮಾಡಿ ನೋಡಿ: ಇಲ್ಲಿ ಮೊದಲು ಸೀಗೆಕಾಯಿ, ಆಮೇಲೆ ಎಣ್ಣೆ. ಡಿಸ್ಟಿಲ್ಡ್ ನೀರಿನಲ್ಲಿ ಜಾಲಾಡಿಸಿ, ಕೂಡಲೇ ಎರಡನೇ ತೊಟ್ಟಿಗೆ. ಅದರಲ್ಲಿ ನೀರನ್ನು ಓಡಿಸುವ ತೆಳು ಎಣ್ಣೆ ಇರಬೇಕು. ಅದರಲ್ಲಿನ ಕೆಲವು ಪದಾರ್ಥಗಳಿಗೆ ಲೋಹವೆಂದರೆ ನೀರಿಗಿಂತ ಜಾಸ್ತಿ ಪ್ರೀತಿ. ಅವು ನೀರಿನ ಅಡಿಗೆ ನುಗ್ಗಿ ಅದನ್ನು ಎಬ್ಬಿಸುತ್ತವೆ. ಎದ್ದ ನೀರು ಭಾರ ತಾನೆ, ತಳಕ್ಕೆ ಇಳಿಯುತ್ತದೆ. ಟ್ರಿಗರ್ ಒಳಗಿನ ಸಂದಿಗೂ ಎಣ್ಣೆ ಹೋಗಲಿ ಅಂತ ಇಲ್ಲೂ ಅಲ್ಟ್ರಾಸಾನಿಕ್ ಓಡಿಸುತ್ತಾರೆ. ಅದಕ್ಕಂತಲೇ ಮಾಡಿದ ಎಣ್ಣೆ ಸಿಗುತ್ತದೆ, ಅದನ್ನೇ ಬಳಸಿ. ಗಾಡಿಯ ಇಂಜಿನ್ ಆಯಿಲ್ ದಪ್ಪ, ಅದರಲ್ಲಿ ಗುಳ್ಳೆ ಸರಿಯಾಗಿ ಏಳುವುದಿಲ್ಲ.

ಅಂಗಡಿಯಲ್ಲಿ ಸಿಗುವ ಡಬ್ಲ್ಯೂಡಿ-40 ಸ್ಪ್ರೇ ಸಾಲದಾ ಅಂತ ಕೇಳುತ್ತೀರಿ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಅದನ್ನು ಮಾಡಿದ್ದೇ ನೀರು ಓಡಿಸುವುದಕ್ಕೆ, ಅಟ್ಲಾಸ್ ಕ್ಷಿಪಣಿಯ ಹೊರಮೈಗೆ ತುಕ್ಕು ಹಿಡಿಯದಿರಲಿ ಅಂತ. ನೀರು ಓಡಿಸುವ ಮಟ್ಟಿಗೆ ಚೆನ್ನಾಗಿದೆ. ಆದರೆ ಉಳಿಯುವ ಪದರ ತೆಳು, ಅದೊಂದನ್ನೇ ನಂಬಿ ವರ್ಷಗಟ್ಟಲೆ ಇಡಬೇಡಿ. ಬಿಸಿ ತೊಟ್ಟಿಗೆ ಸುರಿಯಲೂ ಬೇಡಿ, ಉರಿಯುವ ಪದಾರ್ಥ ಅದು. ಕೊಬ್ಬರಿ ಎಣ್ಣೆಯಾ? ಸುಮಾರು 24 ಡಿಗ್ರಿಗೇ ಗಟ್ಟಿಯಾಗುತ್ತದೆ. ಮಡಿಕೇರಿಯ ಬೆಳಗಿನ ಚಳಿಯಲ್ಲಿ ಕೋವಿಯ ಒಳಗೆಲ್ಲ ಬೆಣ್ಣೆ!

ಟೈಮ್ ಆಗ್ತಾ ಇದೆ, ಉಳಿದದ್ದು ಒಟ್ಟಿಗೆ. ಕೋವಿ ಮಡಚುವ ಕೀಲಿಗೆ ಚೂರು ಗ್ರೀಸ್ ಹಚ್ಚಿ. ಫೈರಿಂಗ್ ಪಿನ್ ಇರುವ ತೂತಿಗೆ ಮಾತ್ರ ದಪ್ಪ ಎಣ್ಣೆ ಬೇಡ, ಮಸಿ ಕಟ್ಟಿ ಪಿನ್ ಸಿಕ್ಕಿಕೊಳ್ಳುತ್ತದೆ. ಈಡು ಹೊಡೆಯುವ ಮುಂಚೆ ನಳಿಗೆಯೊಳಗಿನ ಎಣ್ಣೆಯನ್ನು ಒಣಬಟ್ಟೆಯಲ್ಲಿ ಒರೆಸಿ. ಕರಿಮದ್ದಿನ ಕೇಪಿನ ಕೋವಿ ಇದ್ದರೆ ಬರೀ ಎಣ್ಣೆ ಸವರಿ ಸುಮ್ಮನಾಗಬೇಡಿ. ಅದರ ಮಸಿಯಲ್ಲಿರುವ ಲವಣಗಳು ಗಾಳಿಯ ತೇವ ಹೀರಿ ತುಕ್ಕು ತರುತ್ತವೆ. ಅವು ಕರಗುವುದು ನೀರಿನಲ್ಲೇ, ಎಣ್ಣೆಯಲ್ಲಲ್ಲ. ಜೋಡಿಸಿ ಇಡುವಾಗ ಮೊದಲ ಕೆಲವು ದಿನ ನಳಿಗೆ ಕೆಳಮುಖವಾಗಿರಲಿ. ಇಲ್ಲದಿದ್ದರೆ ಎಣ್ಣೆ ಮರದ ಹಿಡಿಗೆ ಇಳಿದು ಮರ ಕಪ್ಪಾಗಿ ಮೆತ್ತಗಾಗುತ್ತದೆ.

ತೊಟ್ಟಿಯಲ್ಲಿ ಉಳಿದ ಕಪ್ಪು ನೀರಿನಲ್ಲಿ ಸೀಸ ಇರುತ್ತದೆ, ಗುಂಡಿನದ್ದೂ ಕೇಪಿನದ್ದೂ. ಕೈಗೆ ಗ್ಲೌಸ್ ಹಾಕಿ. ಅಡುಗೆಮನೆ ಸಿಂಕಿಗಾಗಲಿ ಕಾಫಿ ಗಿಡದ ಬುಡಕ್ಕಾಗಲಿ ಚೆಲ್ಲಬೇಡಿ, ಡಬ್ಬಿಯಲ್ಲಿ ಮುಚ್ಚಿಟ್ಟು ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಪಕ್ಕದ ಮನೆಯವರು ಬೆಳ್ಳಿ ದೀಪ ತೊಳೆಯಲು ಆ ತೊಟ್ಟಿಯನ್ನೇ ಕೇಳಿದರೆ, ಕೆಟ್ಟುಹೋಗಿದೆ ಅಂತ ಹೇಳಿಬಿಡಿ.