ಕಟ್ ಮಾಡಿದ ನಾಳ ಮತ್ತೆ ಕೂಡುತ್ತಾ?

ಎಲ್ರಿಗೂ ನಮಸ್ಕಾರ. ಇವತ್ತಿನ ವಿಷ್ಯ ಸ್ವಲ್ಪ ಮುಜುಗರದ್ದು, ಆದ್ರೂ ವಾಲ್ಯೂಮ್ ಕಮ್ಮಿ ಮಾಡ್ಬೇಡಿ. ಮಕ್ಕಳು ಸಾಕು ಅಂತ ವ್ಯಾಸೆಕ್ಟಮಿ, ಅಂದ್ರೆ ವೀರ್ಯನಾಳ ಕಟ್ ಮಾಡೋ ಆಪರೇಷನ್, ಮಾಡಿಸ್ಕೊಂಡಿರೋ ಗಂಡಸರು, ಆಮೇಲೆ ಇದ್ದ ಮಗು ತೀರಿಕೊಂಡ್ತು ಅಂತಲೋ ಎರಡನೇ ಮದುವೆ ಆಯ್ತು ಅಂತಲೋ ಮತ್ತೆ ಮಗು ಬೇಕು ಅಂದ್ರೆ ಆ ವೀರ್ಯನಾಳ ವಾಪಸ್ ಜೋಡಿಸ್ಬೋದಾ? ಜೋಡಿಸ್ಬೋದು. ಆದ್ರೆ ಮಗು ಗ್ಯಾರಂಟಿ ಅಂತ ಯಾರಾದ್ರೂ ಹೇಳಿದ್ರೆ ಅಲ್ಲಿಂದ ಎದ್ದು ಬನ್ನಿ.

ನಾಳ ಹೊರಗಿಂದ 2-3 ಮಿಲಿಮೀಟರ್ ದಪ್ಪ ಇದ್ರೂ ಒಳಗಿನ ತೂತು ಬರೀ 0.3 ಮಿಲಿಮೀಟರ್, ಅದನ್ನ ಮೈಕ್ರೋಸ್ಕೋಪಲ್ಲಿ ನೋಡ್ಕೊಂಡು ತಲೆಕೂದಲಿಗಿಂತ ಸಣ್ಣ ನೈಲಾನ್ ದಾರದಲ್ಲಿ ಹೊಲೀಬೇಕು. ಎರಡ್ಮೂರು ಗಂಟೆ ಹಿಡಿಯುತ್ತೆ, ಗಾಯ ಮಾತ್ರ ಚಿಕ್ಕದು, ಸಾಮಾನ್ಯವಾಗಿ ಅವತ್ತೇ ಮನೆಗೆ ಕಳಿಸ್ತಾರೆ.

ಯಾವ ಥರ ಜೋಡಿಸ್ಬೇಕು ಅನ್ನೋದು ಗೊತ್ತಾಗೋದೇ ಆಪರೇಷನ್ ಟೇಬಲ್ ಮೇಲೆ. ವೃಷಣದ ಕಡೆ ತುದಿ ಬಿಚ್ಚಿ ಒಂದು ಹನಿ ಸ್ಲೈಡ್ ಮೇಲೆ ಹಾಕಿ ನೋಡ್ತಾರೆ. ವೀರ್ಯಾಣು ಕಂಡ್ರೆ, ಇಲ್ಲಾ ದ್ರವ ತಿಳಿಯಾಗಿದ್ರೆ ನಾಳಕ್ಕೆ ನಾಳ ಸೇರಿಸೋದು. ಟೂತ್‌ಪೇಸ್ಟ್ ಥರ ಗಟ್ಟಿಯಾಗಿ ಬಂದು ವೀರ್ಯಾಣುನೇ ಇಲ್ಲ ಅಂದ್ರೆ ಹಿಂದೆ ಎಪಿಡಿಡೈಮಿಸಲ್ಲೂ, ಅಂದ್ರೆ ವೃಷಣಕ್ಕೆ ಅಂಟಿಕೊಂಡಿರೋ, ವೀರ್ಯಾಣು ಬಲಿಯೋ ಸುರುಳಿ ನಾಳದಲ್ಲೂ, ಬ್ಲಾಕ್ ಆಗಿರ್ಬೋದು, ಆಗ ನಾಳನ ಅಲ್ಲಿಗೇ ಜೋಡಿಸ್ಬೇಕು, ಅದು ಇನ್ನೂ ಕಷ್ಟ, ಎಲ್ರ ಕೈಲೂ ಆಗಲ್ಲ. ಅದಕ್ಕೇ ಡೇಟ್ ತಗೊಳೋಕ್ಕೆ ಮುಂಚೆನೇ ಕೇಳಿ, ಡಾಕ್ಟ್ರೇ ಆ ಎರಡನೇ ಥರದ್ದೂ ನೀವು ಮಾಡ್ತೀರಾ ಅಂತ. ಸಂಕೋಚ ಯಾಕೆ, ದುಡ್ಡು ಕೊಡೋರು ನೀವು.

ಇನ್ನೊಂದು, ಎಷ್ಟು ವರ್ಷ ಆಯ್ತು ಅನ್ನೋದು. ಅಮೆರಿಕದಲ್ಲಿ 1,469 ಗಂಡಸರನ್ನ ಸೇರಿಸಿ ಮಾಡಿದ ಅಧ್ಯಯನ 1991ರಲ್ಲಿ ಬಂತು. ವ್ಯಾಸೆಕ್ಟಮಿ ಆಗಿ 3 ವರ್ಷದೊಳಗೆ ಮಾಡಿಸಿದೋರಲ್ಲಿ ಶೇ 97ರಷ್ಟು ಜನಕ್ಕೆ ವೀರ್ಯಾಣು ವಾಪಸ್ ಬಂತು, ಹೆಂಡತಿ ಗರ್ಭಿಣಿ ಆಗಿದ್ದು ಶೇ 76. 15 ವರ್ಷ ದಾಟಿದ್ರೆ 71 ಮತ್ತೆ 30. ವೀರ್ಯಾಣು ಬಂದೋರಿಗೆಲ್ಲ ಮಗು ಆಗಿಲ್ಲ ನೋಡಿ, ಯಾಕಂದ್ರೆ ಹೆಂಡತಿ ವಯಸ್ಸೂ ಲೆಕ್ಕಕ್ಕೆ ಬರುತ್ತೆ. ಆಕೆಗೆ ನಲವತ್ತರ ಹತ್ರ ಆಗಿದ್ರೆ, ನನ್ನ ಕೇಳಿದ್ರೆ, ಮೊದ್ಲು ಆಕೆ ಟೆಸ್ಟ್ ಮಾಡ್ಸಿ, ಆಮೇಲೆ ವೃಷಣದಿಂದ ನೇರ ವೀರ್ಯಾಣು ತೆಗೆದು ಐವಿಎಫ್, ಅಂದ್ರೆ ಲ್ಯಾಬಲ್ಲಿ ಅಂಡಾಣು ಜೊತೆ ಸೇರಿಸಿ ಗರ್ಭಕ್ಕೆ ಹಾಕೋದು, ಅದರ ಬಗ್ಗೆನೂ ವಿಚಾರಿಸಿ.

ಮಾಡಿಸ್ಕೊಂಡ್ಮೇಲೆ ಮೂರ್ನಾಲ್ಕು ವಾರ ಭಾರ ಎತ್ತೋಹಂಗಿಲ್ಲ, ಹೆಂಡತಿ ಜೊತೆ ಸೇರೋದೂ ಡಾಕ್ಟರ್ ಹೂಂ ಅಂದ್ಮೇಲೇನೇ. ವೀರ್ಯ ಪರೀಕ್ಷೆಯ ಮೊದಲ ರಿಪೋರ್ಟಲ್ಲಿ ವೀರ್ಯಾಣು ಸೊನ್ನೆ ಬಂತು ಅಂತ ಕೈಚೆಲ್ಲಬೇಡಿ, ಕೆಲವರಿಗೆ ತಿಂಗಳುಗಟ್ಲೆ ಆಗುತ್ತೆ, ಎಪಿಡಿಡೈಮಿಸಿಗೆ ಜೋಡಿಸಿದೋರಿಗಂತೂ ವರ್ಷಾನೇ ಹಿಡೀಬೋದು. ನಮಸ್ಕಾರ.