ಬಿದ್ದುಹೋದ ‘ಅಂತೆ’

ಹಾಸನ ಆಕಾಶವಾಣಿ ಕೇಳುತ್ತಿರುವ ನಿಮಗೆಲ್ಲ ನಮಸ್ಕಾರ.

ನನಗೆ ಬಂದ ಪತ್ರದಲ್ಲಿ ವಿಷಯ ಹೀಗಿದೆ: ‘ಕಾಣೆಯಾದವರ ಪ್ರಕರಣಗಳು, ಕುಟುಂಬ ಮತ್ತು ಸಮಾಜದ ದೃಷ್ಟಿ’. ಹೆಸರು ಸ್ವಲ್ಪ ಭಾರವಾಯಿತು. ನಾನು ಪ್ರೊಫೆಸರ್ ಅಲ್ಲ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಠಾಣೆಗಳಲ್ಲಿ ಕೆಲಸ ಮಾಡಿ ನಿವೃತ್ತನಾದ ಪೊಲೀಸ್. ಈಗ ಕಣದಲ್ಲಿ ಕಾಫಿ ಹರವುತ್ತಾ, ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಾ ಕೇಳುತ್ತಿರುವ ನಿಮಗೆ ನಾನು ಹೇಳುವುದು ಒಂದೇ ಮಾತು. ಅದನ್ನು ನಾಲ್ಕು ಸಲ ಹೇಳಿದರೆ ಬೇಜಾರು ಮಾಡ್ಕೋಬೇಡಿ.

ನಮ್ಮ ಕನ್ನಡದಲ್ಲಿ ‘ಅಂತೆ’ ಅಂತ ಒಂದು ಮಾತಿದೆ. ‘ಬಂದ’ ಅಂದರೆ ನಾನೇ ನೋಡಿದೆ. ‘ಬಂದನಂತೆ’ ಅಂದರೆ ಯಾರೋ ಹೇಳಿದರು. ಎಷ್ಟು ಚಿಕ್ಕ ಮಾತು, ಎಷ್ಟು ದೊಡ್ಡ ಕೆಲಸ! ಒಬ್ಬ ಮನುಷ್ಯ ಕಾಣೆಯಾದಾಗ ಮೊದಲು ಕಾಣೆಯಾಗುವುದು ಈ ‘ಅಂತೆ’. ಅದನ್ನು ಬೀಳಿಸಬೇಡಿ. ಇಷ್ಟೇ ನನ್ನ ಭಾಷಣ. ಉಳಿದದ್ದು ಒಂದು ಕೊಡೆಯ ಕಥೆ.

ಸುಮಾರು ಇಪ್ಪತ್ತೈದು ವರ್ಷದ ಹಿಂದಿನದು. ಸಕಲೇಶಪುರದ ಕಡೆ ಒಂದು ತೋಟ. ಅಲ್ಲಿನ ರೈಟರು ಒಂದು ದಿನ ಮಧ್ಯಾಹ್ನ ಮನೆಯಿಂದ ಹೊರಟವರು ವಾಪಸ್ ಬರಲಿಲ್ಲ. ರೈಟರು ಅಂದರೆ ಕಥೆ ಬರೆಯುವವರಲ್ಲ. ತೋಟದಲ್ಲಿ ಆಳುಗಳ ಹಾಜರಿ, ಸಂಬಳ, ಗೊಬ್ಬರದ ಲೆಕ್ಕ ಬರೆಯುವವರು. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅರಸೀಕೆರೆ ಕಡೆ ಕೇಳುತ್ತಿರುವವರಿಗಾಗಿ ಹೇಳಿದೆ. ವಯಸ್ಸು ನಲವತ್ತರ ಆಸುಪಾಸು. ಮನೆಯಲ್ಲಿ ತಾಯಿ, ಹೆಂಡತಿ, ತಮ್ಮ, ಇಬ್ಬರು ಮಕ್ಕಳು. ಹೆಸರು ಬೇಡ, ರೈಟರು ಅಂತಲೇ ಇಟ್ಟುಕೊಳ್ಳೋಣ.

ಪುಷ್ಯ ಮಳೆ ಹಿಡಿದಿತ್ತು. ಮೂರನೇ ದಿನ ರೈಟರ ತಮ್ಮ ನಮ್ಮ ಠಾಣೆಗೆ ಬಂದ. ಮೂರು ದಿನ ಯಾಕೆ ಸುಮ್ನಿದ್ರಿ ಅಂದೆ. “ಇಪ್ಪತ್ತನಾಲ್ಕು ಗಂಟೆ ಆಗ್ದೆ ತಗೊಳ್ಳಲ್ಲ ಅಂದ್ರು ಸಾರ್. ಆಮೇಲೆ ಬಸ್ ನಿಂತೋಗಿತ್ತು” ಅಂದ. ಯಾರು ಅಂದರು? ಯಾರೋ ಅಂದರಂತೆ. ಇಲ್ಲಿಂದಲೇ ಶುರು ನೋಡಿ! ಇಪ್ಪತ್ತನಾಲ್ಕು ಗಂಟೆ ಕಾಯಬೇಕು ಅನ್ನುವ ಕಾನೂನು ಎಲ್ಲಿಯೂ ಇಲ್ಲ. ಸಿನಿಮಾದಲ್ಲಿ ಇದೆ, ಅಷ್ಟೇ.

ಅದೇ ದಿನ ಸಂಜೆ ಒಂದು ಕೊಡೆ ಬಂತು. ಕಪ್ಪು ಬಟ್ಟೆ, ಮರದ ಹಿಡಿ. ಹಿಡಿಯ ಬಗ್ಗಿದ ಜಾಗದಲ್ಲಿ ಕೆಂಪು ದಾರ ಸುತ್ತಿತ್ತು. ಗುಂಪಿನಲ್ಲಿ ಅದಲುಬದಲಾಗಬಾರದು ಅಂತ ರೈಟರೇ ಸುತ್ತಿದ್ದು. ತಾಯಿ ಆ ದಾರ ಮುಟ್ಟಿ ನೋಡಿ ಕುಸಿದು ಕೂತರು. ಎಲ್ಲಿ ಸಿಕ್ಕಿತು ಅಂದೆ. “ಹೊಳೇಲಿ ಸಿಕ್ತು ಸಾರ್” ಅಂದರು ಸುತ್ತ ಇದ್ದವರು. ಒಬ್ಬರಲ್ಲ, ಹತ್ತು ಜನ. ನಾನೂ ಬರೆದೆ: ‘ಹೊಳೆಯ ದಡದಲ್ಲಿ ದೊರೆತ ಕೊಡೆ ಒಂದು’. ಅಕ್ಷರ ಚೆನ್ನಾಗಿತ್ತು, ಕೆಳಗೆ ಪಂಚರ ಸಹಿ ಇತ್ತು, ನನ್ನ ಸಹಿಯೂ ಇತ್ತು.

ಆಮೇಲೆ ಒಂಬತ್ತು ದಿನ ಹೊಳೆ ಹುಡುಕಿದೆವು. ಪುಷ್ಯ ಮಳೆಯ ಹೊಳೆ ನೋಡಿದ್ದೀರಲ್ವಾ? ಕಾಫಿ ಡಿಕಾಕ್ಷನ್ ಬಣ್ಣದ ನೀರು, ಮರದ ದಿಮ್ಮಿಗಳು ತೇಲಿ ಬರುತ್ತಿರುತ್ತವೆ. ಈಜುವವರ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಿದೆವು. ಒಬ್ಬ ಹುಡುಗ ಕೊಚ್ಚಿಹೋಗುವುದರಲ್ಲಿದ್ದ, ಬಿದಿರು ಮೆಳೆ ಹಿಡಿದು ಉಳಿದ. ಹತ್ತನೇ ದಿನ ನಮ್ಮ ಕಾನ್‌ಸ್ಟೇಬಲ್ ಒಬ್ಬರು ಹೆದ್ದಾರಿ ಪಕ್ಕದ ಚಿಕ್ಕ ಹೋಟೆಲಿನಲ್ಲಿ ಟೀ ಕುಡಿಯಲು ನಿಂತರು. ಹೋಟೆಲಿನವರು ಸಹಜವಾಗಿ ಕೇಳಿದರಂತೆ, “ರೈಟರ ಕೊಡೆ ಕೊಟ್ಟು ಕಳಿಸಿದ್ವಲ್ಲ, ಮನೆಗೆ ಮುಟ್ತಾ?”

ಕೊಡೆ ಹೊಳೆಯಲ್ಲಿ ಸಿಕ್ಕಿರಲೇ ಇಲ್ಲ. ಬಸ್ ನಿಲ್ಲುವ ಜಾಗದ ಹೋಟೆಲಿನಲ್ಲಿ, ಗೋಡೆಯ ಮೊಳೆಗೆ ನೇತುಹಾಕಿತ್ತು. ಹೋಟೆಲಿನ ಹುಡುಗ ಅದನ್ನು ತೋಟದ ಆಳಿನ ಕೈಗೆ ಕೊಟ್ಟ. ಆತ ಹೊಳೆ ದಾರಿಯಲ್ಲಿ ನಡೆದು ಬಂದ. ಲೈನ್ ಮನೆಯ, ಅಂದರೆ ಆಳುಗಳ ಸಾಲುಮನೆಯ, ಹೆಂಗಸಿನ ಕೈಗೆ ಕೊಟ್ಟು, “ರೈಟರದಂತೆ” ಅಂದ. ಆಕೆ ಪಕ್ಕದವರಿಗೆ, “ಹೊಳೆ ಕಡೆಯಿಂದ ತಂದ್ರು” ಅಂದಳು. ಅವರು ಇನ್ನೊಬ್ಬರಿಗೆ, “ಹೊಳೆ ಹತ್ರ ಸಿಕ್ತಂತೆ” ಅಂದರು. ಮನೆ ಮುಟ್ಟುವ ಹೊತ್ತಿಗೆ ‘ಅಂತೆ’ ಬಿದ್ದುಹೋಯಿತು. “ಹೊಳೇಲಿ ಸಿಕ್ತು.” ಇದರಲ್ಲಿ ಯಾರೂ ಸುಳ್ಳು ಹೇಳಿಲ್ಲ, ದಯವಿಟ್ಟು ಗಮನಿಸಿ. ಒಬ್ಬೊಬ್ಬರೂ ಒಂದೊಂದು ಚೂರು ಬೀಳಿಸಿದರು. ಕೊನೆಯ ಚೂರು ಬೀಳಿಸಿದವನು ನಾನು. ಬಿಳಿ ಹಾಳೆಯ ಮೇಲೆ ಬೀಳಿಸಿದೆ.

ಆ ಹೋಟೆಲಿನ ಮುಂದೆ ಹಾಸನದ ಕಡೆಗೂ ಬಸ್ ನಿಲ್ಲುತ್ತಿತ್ತು, ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವುದೂ ನಿಲ್ಲುತ್ತಿತ್ತು. ಕಂಡಕ್ಟರುಗಳನ್ನು ಹಿಡಿದು ಕೇಳಿದೆವು. ಮಳೆಗಾಲದಲ್ಲಿ ಒದ್ದೆಯಾಗಿ ಹತ್ತಿದ ಒಬ್ಬ ಮನುಷ್ಯನನ್ನು ಅಷ್ಟು ದಿನದ ಮೇಲೆ ಯಾವ ಕಂಡಕ್ಟರ್ ನೆನಪಿಟ್ಟುಕೊಂಡಿರುತ್ತಾನೆ? ಮೂರನೇ ದಿನವೇ ಕೇಳಿದ್ದರೆ ಒಬ್ಬನಾದರೂ ಹೇಳುತ್ತಿದ್ದನೋ ಏನೋ. ಮತ್ತೆ, ಪುಷ್ಯ ಮಳೆಯಲ್ಲಿ ಕೊಡೆ ಮರೆತು ಹೋಗುವವರು ಯಾರು? ಏನೋ ಅವಸರವಿತ್ತು, ಅಥವಾ ಯಾರೋ ಕರೆದರು, ಅಥವಾ... ನೋಡಿದಿರಾ, ನಾನೂ ಶುರು ಮಾಡಿದೆ. ಕೊಡೆ ಮೊಳೆಯ ಮೇಲಿತ್ತು. ನನಗೆ ಗೊತ್ತಿರುವುದು ಅಷ್ಟೇ. ರೈಟರು ಇವತ್ತಿನವರೆಗೂ ಸಿಕ್ಕಿಲ್ಲ.

ಇನ್ನು ಮನೆಯ ಒಳಗೆ ಬನ್ನಿ. ಒಂದೇ ಮನೆ, ಒಂದೇ ಕೊಡೆ, ಆದರೆ ಪ್ರತಿಯೊಬ್ಬರ ಕಥೆಯೂ ಬೇರೆ. ತಾಯಿಗೆ ಮಗ ಬದುಕಿದ್ದಾನೆ. ರಾತ್ರಿ ಬಾಗಿಲಿಗೆ ಚಿಲಕ ಹಾಕಲು ಬಿಡುತ್ತಿರಲಿಲ್ಲ. “ಸರಿ ರಾತ್ರೀಲಿ ಬಂದ್ರೆ ಯಾರನ್ನ ಕೂಗ್ತಾನೆ ಕಣಪ್ಪ” ಅನ್ನುತ್ತಿದ್ದರು. ತಮ್ಮನಿಗೆ ಇದು ಕೊಲೆ. ತೋಟದ ದುಡ್ಡಿನ ವಿಷಯದಲ್ಲಿ ಯಾರೋ ಮುಗಿಸಿದ್ದಾರೆ. ಊರಿಗೆ ಇನ್ನೊಂದು: ರೈಟರು ಸಂಬಳದ ದುಡ್ಡು ಹೊತ್ತು ಮುಂಬೈಗೆ ಓಡಿದರು. ಮಾಲೀಕರು ಕೂತು ಲೆಕ್ಕ ತೆಗೆಸಿದರು, ಒಂದು ರೂಪಾಯಿ ಹೆಚ್ಚು ಕಡಿಮೆ ಇರಲಿಲ್ಲ. ಇದನ್ನು ಯಾರೂ ಯಾರಿಗೂ ಹೇಳಲಿಲ್ಲ. ಲೆಕ್ಕ ಸರಿ ಇದೆ ಅನ್ನುವುದರಲ್ಲಿ ಏನು ಸ್ವಾರಸ್ಯ!

ಹೆಂಡತಿ ಮಾತ್ರ ಏನೂ ಹೇಳಲಿಲ್ಲ. ಹೇಳದೇ ಇದ್ದದ್ದೇ ತಪ್ಪಾಯಿತು. ‘ಅಳ್ತಾ ಇಲ್ಲ ನೋಡು, ಅವಳಿಗೆ ಗೊತ್ತಿದೆ’ ಅಂದರು. ಅತ್ತಿದ್ದರೆ ನಾಟಕ ಅನ್ನುತ್ತಿದ್ದರು, ಆ ಮಾತು ಬೇರೆ.

ತಮ್ಮ ಅಂಜನ ಹಾಕಿಸಿದ. ವೀಳ್ಯದೆಲೆಯ ಮೇಲಿನ ಕಪ್ಪಿನಲ್ಲಿ ನೋಡಿದವರು, “ನೀರಿನ ಹತ್ರ ಇದ್ದಾನೆ, ಮರದ ನೆರಳಿದೆ” ಅಂದರು. ಸ್ವಾಮಿ, ಸಕಲೇಶಪುರದ ಕಡೆ ನೀರಿಲ್ಲದ, ಮರವಿಲ್ಲದ ಜಾಗ ಎಲ್ಲಿದೆ? ನಗಬೇಡಿ. ಮನೆಯವರು ನಂಬಿದ್ದು ದಡ್ಡತನದಿಂದಲ್ಲ. ಏನೂ ಗೊತ್ತಿಲ್ಲದೆ ಕೂರುವುದಕ್ಕಿಂತ ಒಂದು ದಿಕ್ಕು ಸಿಕ್ಕಿದರೆ ಕಾಲಿಗೆ ಕೆಲಸ ಸಿಗುತ್ತದೆ. ಮುಡಿಪು ಕಟ್ಟಿ, ಹರಕೆ ಹೊರಿ, ನನ್ನ ತಕರಾರಿಲ್ಲ. ಆದರೆ ಅಂಜನದವರು ಹೇಳಿದ್ದನ್ನು ಠಾಣೆಯಲ್ಲಿ ಕಣ್ಣಾರೆ ಕಂಡ ಹಾಗೆ ಹೇಳಬೇಡಿ. ‘ಅಂತೆ’ ಸೇರಿಸಿ ಹೇಳಿ.

‘ನೋಡಿದ್ವಿ’ ಅನ್ನುವವರದ್ದು ಇನ್ನೊಂದು ಕಾಟ. ರೈಟರನ್ನು ಅರಸೀಕೆರೆ ಜಂಕ್ಷನ್ನಿನಲ್ಲಿ, ಕಡೂರಿನಲ್ಲಿ, ಮುಂಬೈಯ ಹೋಟೆಲಿನಲ್ಲಿ ನೋಡಿದವರಿದ್ದರು. ಅರಸೀಕೆರೆಗೆ ನಾನೇ ಹೋದೆ, ಎರಡು ಸಲ. ಬಂದವರಿಗೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದೆ: ಮುಖ ನೋಡಿದ್ರಾ, ಬೆನ್ನು ನೋಡಿದ್ರಾ? ಹೆಚ್ಚಿನವರು ನೋಡಿದ್ದು ಬೆನ್ನು. ‘ನಡಿಗೆ ಅವರದ್ದೇ ಸಾರ್’ ಅನ್ನುತ್ತಿದ್ದರು. ಕಣ್ಣಾರೆ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಸುಮ್ನೆ ಹೇಳಲಿಲ್ಲ.

ಹಳ್ಳಿಯವರು ಮಾತ್ರ ಹೀಗೆ ಅಂದುಕೊಳ್ಳಬೇಡಿ. ನೇತಾಜಿ ಸುಭಾಷ್ ಚಂದ್ರ ಬೋಸ್ ವಿಷಯ ತೆಗೆದುಕೊಳ್ಳಿ. 1945ರ ಆಗಸ್ಟ್ 18, ತೈಪೆಯಲ್ಲಿ ವಿಮಾನ ಅಪಘಾತ. ದೇಶ ನಂಬಲಿಲ್ಲ. 1956ರಲ್ಲಿ ಒಂದು ಸಮಿತಿ, 1970ರಲ್ಲಿ ಒಂದು ಆಯೋಗ, 1999ರಲ್ಲಿ ಇನ್ನೊಂದು. ಮೊದಲ ಎರಡು ಅಪಘಾತದಲ್ಲಿ ತೀರಿಕೊಂಡರು ಅಂದವು. ಮೂರನೆಯದು ಇಲ್ಲ ಅಂದಿತು, ಅದನ್ನು ಸರ್ಕಾರ ಒಪ್ಪಲಿಲ್ಲ. ಅಷ್ಟರೊಳಗೆ ಎಷ್ಟು ಸನ್ಯಾಸಿಗಳ ಗಡ್ಡದ ಹಿಂದೆ ಜನ ನೇತಾಜಿಯನ್ನು ಕಂಡರು! ಪ್ರೀತಿ ಇದ್ದ ಕಡೆ ‘ಅಂತೆ’ ಬೇಗ ಬೀಳುತ್ತದೆ.

2016ರ ಜುಲೈ 22ರಂದು ವಾಯುಪಡೆಯ ಎಎನ್-32 ವಿಮಾನ ಚೆನ್ನೈನ ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟಿತು. ಒಳಗೆ 29 ಜನ. ಬಂಗಾಳ ಕೊಲ್ಲಿಯ ಮೇಲೆ ಕಾಣೆಯಾಯಿತು. ಅವಶೇಷ ಕಂಡದ್ದು 2024ರ ಜನವರಿಯಲ್ಲಿ, ಸುಮಾರು 3,400 ಮೀಟರ್ ಆಳದಲ್ಲಿ. ಏಳೂವರೆ ವರ್ಷ ಆ ಮನೆಗಳಲ್ಲಿ ಫೋಟೋಗೆ ಹಾರ ಹಾಕುವುದೋ ಬೇಡವೋ? ಯೋಚನೆ ಮಾಡಿ.

ಈ ಸ್ಥಿತಿಯ ಬಗ್ಗೆ ಅಮೆರಿಕದ ಪಾಲಿನ್ ಬಾಸ್ ಅನ್ನುವ ಪ್ರಾಧ್ಯಾಪಕಿ 1970ರ ದಶಕದಿಂದ ಕೆಲಸ ಮಾಡಿದ್ದಾರೆ. ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಮನೆಯವರನ್ನು ಮಾತಾಡಿಸಿದವರು. ಅವರು ಹೇಳುವುದನ್ನು ನನ್ನ ಮಾತಿನಲ್ಲಿ ಹೇಳುವುದಾದರೆ, ‘ಬರಬಹುದು’ ಅನ್ನುವುದೂ ‘ಬರಲಾರರು’ ಅನ್ನುವುದೂ ಒಂದೇ ಮನಸ್ಸಿನಲ್ಲಿ ಜೊತೆಗೆ ಇರಬಹುದು. ಅದು ಹುಚ್ಚಲ್ಲ. ‘ಯಾವುದಾದ್ರೂ ಒಂದು ತೀರ್ಮಾನಕ್ಕೆ ಬಾ’ ಅಂತ ಒತ್ತಾಯ ಮಾಡುವವರು ಹೊರಗಿನವರು. ಆ ತಾಯಿ ಚಿಲಕ ಹಾಕುತ್ತಿರಲಿಲ್ಲ, ನಿಜ. ಆದರೆ ಮಗನ ಬಟ್ಟೆಗಳನ್ನು ಮೊಮ್ಮಗನ ಅಳತೆಗೆ ಹೊಲಿಸಲು ದರ್ಜಿಗೆ ಕೊಟ್ಟಿದ್ದರು. ಎರಡನ್ನೂ ಅವರೇ ಮಾಡಿದ್ದು.

ಗಾಜಿನ ಆಚೆಯಿಂದ ಇನ್ನು ಎರಡು ನಿಮಿಷ ಅಂತ ಬೆರಳು ತೋರಿಸುತ್ತಿದ್ದಾರೆ. ಕೊಡೆಯ ಕಥೆ ಉದ್ದವಾಯಿತು, ಬರೆದು ತಂದದ್ದರಲ್ಲಿ ಮೂರು ಹಾಳೆ ಉಳಿದಿವೆ. ಬೇಗ ಹೇಳಿಬಿಡುತ್ತೇನೆ.

ಕಾನೂನು. ಏಳು ವರ್ಷ ಸುದ್ದಿಯೇ ಇಲ್ಲದಿದ್ದರೆ ತೀರಿಕೊಂಡಿದ್ದಾರೆ ಅಂತ ನ್ಯಾಯಾಲಯ ಭಾವಿಸಬಹುದು. ಹಿಂದೆ 1872ರ ಸಾಕ್ಷ್ಯ ಕಾಯ್ದೆಯ 108ನೇ ಕಲಮು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 111ನೇ ಕಲಮು. ಏಳು ವರ್ಷ ತುಂಬಿದ ದಿನ ಯಾರೂ ಮನೆಗೆ ಕಾಗದ ತಂದುಕೊಡುವುದಿಲ್ಲ, ನೀವೇ ಕೋರ್ಟಿಗೆ ಹೋಗಬೇಕು. ಶಾಸ್ತ್ರ ಹೇಳುವವರು ಹನ್ನೆರಡು ವರ್ಷ ಕಾಯಿರಿ, ಆಮೇಲೆ ದರ್ಭೆ, ಮುತ್ತುಗದ ಎಲೆಯಲ್ಲಿ ಆಕಾರ ಮಾಡಿ ಸಂಸ್ಕಾರ ಮಾಡಿ ಅನ್ನುತ್ತಾರೆ. ಈ ಏಳು ಹನ್ನೆರಡರ ನಡುವೆ ಒಬ್ಬ ಹೆಂಗಸು ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಹಿಡಿದು ಓಡಾಡುತ್ತಿರುತ್ತಾಳೆ. ರೈಟರ ಹೆಂಡತಿಯನ್ನು ಮದುವೆಗೆ ಕರೆಯುತ್ತಿದ್ದರು, ಅರಿಶಿನ ಕುಂಕುಮ ಕೊಡುವ ಹೊತ್ತಿಗೆ ತಟ್ಟೆ ಹಿಡಿದವರು ಅನುಮಾನಿಸಿ ಪಕ್ಕಕ್ಕೆ ತಿರುಗುತ್ತಿದ್ದರು. ಆಕೆ ಮದುವೆಗಳಿಗೆ ಹೋಗುವುದನ್ನೇ ಬಿಟ್ಟಳು. ತಾಯಂದಿರೇ, ಕೊಡಿ. ಕೊಟ್ಟರೆ ಏನಾಗುತ್ತದೆ?

ಮಕ್ಕಳು ಕಾಣೆಯಾದರೆ ಎಫ್‌ಐಆರ್ ಮಾಡಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಮರೆವಿನ ಕಾಯಿಲೆಯ ಹಿರಿಯರಾದರೆ ಮೊದಲು ಹತ್ತಿರದಲ್ಲಿ ಹುಡುಕಿ: ಚರಂಡಿ, ಬೇಲಿ ಸಂದಿ, ಕಾಫಿ ಗಿಡದ ಬುಡ, ಅವರು ಹಿಂದೆ ಇದ್ದ ಮನೆ. ವಾಟ್ಸಾಪಿನಲ್ಲಿ ಫೋಟೋ ಹಾಕಿದರೆ ತಾರೀಖು ಹಾಕಿ. ಸಿಕ್ಕಿ ಮನೆಗೆ ಬಂದು ಊಟ ಮಾಡುತ್ತಿರುವ ಮಗುವಿನ ಫೋಟೋ ಇನ್ನೂ ‘ಕಾಣೆಯಾಗಿದೆ’ ಅಂತ ತಿರುಗುತ್ತಿರುತ್ತದೆ. ಒಂದು ಹಾಳೆ ತೆಗೆದುಕೊಳ್ಳಿ. ನಡುವೆ ಗೆರೆ ಎಳೆಯಿರಿ. ಎಡಕ್ಕೆ ನೀವೇ ಕಂಡದ್ದು, ಬಲಕ್ಕೆ ‘ಅಂತೆ’. ಅದನ್ನು ಹಿಡಿದು ಅವತ್ತೇ, ಆ ಗಳಿಗೆಯಲ್ಲೇ ಠಾಣೆಗೆ ಬನ್ನಿ. ಬರಲಾಗದಿದ್ದರೆ ಫೋನ್ ಮಾಡಿ. 112. ಮಕ್ಕಳಾದರೆ 1098. ಆಯ್ತು ಆಯ್ತು, ಮುಗಿಸಿದೆ. ನಮಸ್ಕಾರ.